ಪ್ರಿಂಟರಿಗೆ ಕಾಯಂ ನಂಬರ್ ಬೇಕಾ? ಮನೆಯ ವೈಫೈಗೆ ಸ್ಟ್ಯಾಟಿಕ್ ಐಪಿ, ಡಿಎಚ್‌ಸಿಪಿ, ಇವೆರಡರ ನಡುವಿನ ದಾರಿ

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಮಂಡ್ಯದಿಂದ ಭಾವನ ಫೋನ್ ಬಂತು. "ಏನಪ್ಪ, ನೀನು ಹಾಕ್ಕೊಟ್ಟಿದ್ದ ಪ್ರಿಂಟರ್ ಮಲ್ಕಂಬುಟ್ಟದೆ. ಮಿಕ್ಕಿದ್ದೆಲ್ಲ ಸರಿಯಾಗೇ ಅದೆ." ಅಕ್ಕ ಮನೆಯಲ್ಲೇ ಟ್ಯೂಷನ್ ಹೇಳಿಕೊಡುತ್ತಾಳೆ. ಸೋಮವಾರ ಮಕ್ಕಳಿಗೆ ಟೆಸ್ಟ್, ಪ್ರಶ್ನೆಪತ್ರಿಕೆ ಪ್ರಿಂಟ್ ಆಗಲೇಬೇಕು. ಟಿವಿ ಓಡುತ್ತಿದೆ, ಫೋನುಗಳಲ್ಲಿ ನೆಟ್ ಬರುತ್ತಿದೆ, ಪ್ರಿಂಟರಿನ ವೈಫೈ ದೀಪವೂ ನೆಟ್ಟಗೆ ಉರಿಯುತ್ತಿದೆ. ಲ್ಯಾಪ್‌ಟಾಪ್ ಮಾತ್ರ ಪ್ರಿಂಟರ್ ಆಫ್‌ಲೈನ್ ಅನ್ನುತ್ತಿದೆ. ಫೋನಿನಲ್ಲೇ ಹೇಳಿಕೊಡೋಣ ಅಂದರೆ ಆ ಪ್ರಿಂಟರಿಗೆ ಸ್ಕ್ರೀನೇ ಇಲ್ಲ. ಮೈಸೂರಿನಿಂದ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ತಪ್ಪು ನನ್ನದೇ. ಎರಡು ವರ್ಷದ ಹಿಂದೆ ಆ ಪ್ರಿಂಟರಿಗೆ 192.168.1.10 ಅಂತ ಸ್ಟ್ಯಾಟಿಕ್ ಐಪಿ (ಮನೆಯ ನೆಟ್‌ವರ್ಕಿನಲ್ಲಿ ಬದಲಾಗದ ವಿಳಾಸದ ನಂಬರ್) ಹಾಕಿ, ಇನ್ನು ಇದರ ತಂಟೆಯೇ ಇಲ್ಲ ಅಂತ ಎದ್ದು ಬಂದಿದ್ದೆ. ಆಮೇಲೆ ಅವರು ನೆಟ್ ಕನೆಕ್ಷನ್ ಬದಲಾಯಿಸಿದ್ದಾರೆ. ಹೊಸ ಡಬ್ಬ, ಅಂದರೆ ರೂಟರ್, ಬಂದಿದೆ. ಭಾವ ಜಾಣ, ವೈಫೈ ಹೆಸರು ಪಾಸ್‌ವರ್ಡ್ ಎರಡನ್ನೂ ಹಳೆಯದೇ ಇಡಿಸಿದ್ದಾರೆ, ಹಾಗಾಗಿ ಎಲ್ಲವೂ ತಾನಾಗೇ ಕನೆಕ್ಟ್ ಆಗಿವೆ. ಆದರೆ ಹೊಸ ಡಬ್ಬ ಹಂಚುವ ನಂಬರುಗಳು 192.168.100 ಅಂತ ಶುರುವಾಗುತ್ತವೆ. ಮಿಕ್ಕವೆಲ್ಲ ಹೊಸ ನಂಬರ್ ಕೇಳಿ ಪಡೆದುಕೊಂಡವು. ನಾನು ಕೊಟ್ಟಿದ್ದ ಹಳೇ ನಂಬರನ್ನು ಅಪ್ಪಿಕೊಂಡು ಕೂತದ್ದು ಪ್ರಿಂಟರ್ ಒಂದೇ.

ಅವತ್ತಿನಿಂದ ಯಾರಾದರೂ "ಸ್ಟ್ಯಾಟಿಕ್ ಹಾಕಲಾ, ಆಟೋಮ್ಯಾಟಿಕ್ ಬಿಡಲಾ" ಅಂತ ಕೇಳಿದರೆ ನಾನು ಮೊದಲು ಹೇಳುವುದು, ಇರುವ ದಾರಿ ಎರಡಲ್ಲ, ಮೂರು ಅಂತ. ಮನೆಯ ಮಟ್ಟಿಗೆ ಹೆಚ್ಚಿನವರಿಗೆ ಬೇಕಾದದ್ದು ಆ ಮೂರನೆಯದು.

ಛತ್ರದ ಮ್ಯಾನೇಜರ್ ಲೆಕ್ಕ

ಮದುವೆ ಛತ್ರ ನೆನೆಸಿಕೊಳ್ಳಿ. ಬಾಗಿಲ ಹತ್ತಿರ ಮ್ಯಾನೇಜರ್ ಬೀಗದ ಕೈಗಳ ಗೊಂಚಲು ಇಟ್ಟುಕೊಂಡು ಕೂತಿದ್ದಾನೆ. ಬಂದವರು "ರೂಮು ಬೇಕು" ಅನ್ನುತ್ತಾರೆ, ಖಾಲಿ ಇರುವುದೊಂದನ್ನು ಕೊಟ್ಟು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಇದು ಡಿಎಚ್‌ಸಿಪಿ. ನಿಮ್ಮ ರೂಟರೇ ಆ ಮ್ಯಾನೇಜರ್.

ಬೀಗರಿಗೆ ಅಂತ ಒಂದು ರೂಮನ್ನು ಮೊದಲೇ ಪುಸ್ತಕದಲ್ಲಿ ಬರೆಸಿಟ್ಟಿರುತ್ತಾರೆ. ಬೀಗರು ಬಂದು ಎಲ್ಲರ ಹಾಗೆಯೇ ಕೇಳುತ್ತಾರೆ, ಆದರೆ ಅವರಿಗೆ ಸಿಗುವುದು ಯಾವಾಗಲೂ ಅದೇ ರೂಮು. ಇದು ರಿಸರ್ವೇಶನ್. ಕೆಲವು ರೂಟರಿನ ಮೆನುವಿನಲ್ಲಿ ಅಡ್ರೆಸ್ ರಿಸರ್ವೇಶನ್ ಅಂತಲೂ, ಕೆಲವದರಲ್ಲಿ ಸ್ಟ್ಯಾಟಿಕ್ ಲೀಸ್ ಅಂತಲೂ ಇರುತ್ತದೆ.

ಇನ್ನೊಬ್ಬ ನೆಂಟ ಇರುತ್ತಾನೆ. ಮ್ಯಾನೇಜರನ್ನು ಕೇಳುವುದೇ ಇಲ್ಲ. ಸೀದಾ ಹೋಗಿ 20ನೇ ರೂಮಿಗೆ ಸೂಟ್‌ಕೇಸ್ ಇಟ್ಟು ಚಿಲಕ ಹಾಕಿಕೊಳ್ಳುತ್ತಾನೆ. ಸಾಧನದೊಳಗೇ ಕೈಯಾರೆ ಬರೆಯುವ ಸ್ಟ್ಯಾಟಿಕ್ ಐಪಿ ಅಂದರೆ ಇದೇ. ಪುಸ್ತಕದಲ್ಲಿ ಆ ರೂಮು ಇನ್ನೂ ಖಾಲಿ ಅಂತಲೇ ಇದೆ. ಜಗಳ ಎಲ್ಲಿಂದ ಹುಟ್ಟುತ್ತದೆ ಅಂತ ಗೊತ್ತಾಯಿತಲ್ವಾ?

ತಾನಾಗೇ ಬರುವ ನಂಬರ್

ಫೋನು ವೈಫೈಗೆ ಸೇರಿದ ಕೂಡಲೇ "ಇಲ್ಲಿ ನಂಬರ್ ಕೊಡುವವರು ಯಾರಿದ್ದೀರಿ" ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ. ರೂಟರ್ "ಇದು ತಗೋ" ಅನ್ನುತ್ತದೆ. ಫೋನು "ಸರಿ, ಇದನ್ನೇ ತಗೋತೀನಿ" ಅನ್ನುತ್ತದೆ. ರೂಟರ್ "ಆಯ್ತು" ಅಂತ ಬರೆದುಕೊಳ್ಳುತ್ತದೆ. ನಾಲ್ಕು ಮಾತು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ನಂಬರಿನ ಜೊತೆಗೇ ಸಬ್‌ನೆಟ್ ಮಾಸ್ಕ್ (ಯಾವ ನಂಬರುಗಳು ಮನೆಯೊಳಗಿನವು ಅಂತ ಹೇಳುವುದು), ಗೇಟ್‌ವೇ (ಹೊರಗೆ ಹೋಗುವ ಬಾಗಿಲು), ಡಿಎನ್‌ಎಸ್ (ಸೈಟಿನ ಹೆಸರಿಗೆ ನಂಬರ್ ಹುಡುಕಿಕೊಡುವುದು) ಎಲ್ಲವೂ ಬರುತ್ತವೆ. ಈ ಪದ್ಧತಿ 1993ರಲ್ಲಿ ಬಂತು. ಈಗ ಬಳಕೆಯಲ್ಲಿರುವ ರೂಪ 1997ರದ್ದು. ಇಷ್ಟು ಹಳೆಯದಾದರೂ ಮನೆಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ.

ನಂಬರ್ ಕೊಡುವುದು ಲೀಸ್ ಮೇಲೆ, ಅಂದರೆ ಗುತ್ತಿಗೆಗೆ. ಕೆಲವು ರೂಟರಿನಲ್ಲಿ ಎರಡು ಗಂಟೆ, ಕೆಲವದರಲ್ಲಿ ಇಡೀ ದಿನ. ಹಾಗಂದರೆ ನಂಬರ್ ದಿನಾ ಬದಲಾಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಗುತ್ತಿಗೆ ಅರ್ಧ ಮುಗಿಯುತ್ತಿದ್ದ ಹಾಗೆ ಸಾಧನ ತಾನೇ "ಮುಂದುವರಿಸಿ" ಅಂತ ಕೇಳುತ್ತದೆ, ಸಾಮಾನ್ಯವಾಗಿ ಅದೇ ನಂಬರ್ ಮುಂದುವರಿಯುತ್ತದೆ. ಒಂದು ಟಿವಿ ವರ್ಷಗಟ್ಟಲೆ ಒಂದೇ ನಂಬರಿನಲ್ಲಿ ಇದ್ದುಬಿಡಬಹುದು. ಇದ್ದೇ ಇರುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ, ಅಷ್ಟೇ. ಕೆಲವು ಅಗ್ಗದ ರೂಟರುಗಳು ಕರೆಂಟ್ ಹೋಗಿ ಬಂದರೆ ಪುಸ್ತಕವನ್ನೇ ಮರೆತುಬಿಡುತ್ತವೆ. ಆಗ ಮೊದಲು ಬಂದವರಿಗೆ ಮೊದಲ ರೂಮು.

ಯಾರು ಬಂದು ಹೋಗುತ್ತಾರೋ ಅಲ್ಲಿ ಆಟೋಮ್ಯಾಟಿಕ್ ಬಿಟ್ಟು ಬೇರೆ ಯೋಚನೆಯೇ ಬೇಡ. ಗೋಕುಲಂನಲ್ಲಿ ಯೋಗ ಕಲಿಯಲು ಬಂದವರಿಗೆ ರೂಮು ಕೊಡುವವರು, ಸರಸ್ವತಿಪುರಂನಲ್ಲಿ ಪಿಜಿ ನಡೆಸುವವರು ಗಮನಿಸಬೇಕಾದದ್ದು ಲೀಸ್ ಅವಧಿಯನ್ನು. ಮನೆ ರೂಟರಿನ ಒಂದು ನೆಟ್‌ವರ್ಕಿನಲ್ಲಿ ಸಾಮಾನ್ಯವಾಗಿ 254 ನಂಬರ್ ಮಾತ್ರ ಬಳಸಬಹುದು. ಅದರಲ್ಲೂ ಎಷ್ಟೋ ರೂಟರುಗಳು ಹಂಚುವುದು ನಂಬರಿನ ಕೊನೆಯ ಭಾಗ 100ರಿಂದ 199ರವರೆಗೆ ಇರುವವನ್ನು ಮಾತ್ರ. ಬೆಳಿಗ್ಗೆ ಬಂದು ಹೋದ ಫೋನು ಇಡೀ ದಿನದ ಗುತ್ತಿಗೆ ಹಿಡಿದುಕೊಂಡಿದ್ದರೆ ಸಂಜೆ ಬಂದವರಿಗೆ ನಂಬರೇ ಉಳಿಯುವುದಿಲ್ಲ. ಅಂಥ ಕಡೆ ಲೀಸನ್ನು ಒಂದೆರಡು ಗಂಟೆಗೆ ಇಳಿಸಿ.

ನಂಬರ್ ಸಿಗದೇ ಹೋದ ಕಂಪ್ಯೂಟರ್ ಸುಮ್ನೆ ಕೂರುವುದಿಲ್ಲ. 169.254 ಅಂತ ಶುರುವಾಗುವ ಒಂದು ನಂಬರನ್ನು ತಾನೇ ಹಾಕಿಕೊಳ್ಳುತ್ತದೆ. ನೆಟ್ ಬರದಿದ್ದಾಗ ಮೊದಲು ಇದನ್ನು ನೋಡಿ. 169.254 ಕಂಡರೆ ಅದು ರೂಟರಿನವರೆಗೆ ಹೋಗಿ ನಂಬರ್ ತರಲಿಲ್ಲ ಅಂತ ಅರ್ಥ. ಕೇಬಲ್ಲೋ, ರೂಟರೋ, ಹಂಚುವ ನಂಬರ್ ಮುಗಿದಿದೆಯೋ, ಅದನ್ನು ಹುಡುಕಬೇಕು. ಅದು ಬಿಟ್ಟು ಸ್ಟ್ಯಾಟಿಕ್ ಹಾಕಿ ಸರಿಮಾಡುತ್ತೇನೆ ಅಂತ ಹೊರಟರೆ ರೋಗ ಮುಚ್ಚಿಕೊಳ್ಳುತ್ತದೆ, ವಾಸಿಯಾಗುವುದಿಲ್ಲ.

ಕೈಯಾರೆ ಬರೆದದ್ದು, ಗೇಟಿನ ಕ್ಯಾಮೆರಾ ಕತೆ

ಸ್ಟ್ಯಾಟಿಕ್ ಹಾಕುವಾಗ ನಾಲ್ಕು ವಿಷಯ ತುಂಬಬೇಕು. ಐಪಿ, ಸಬ್‌ನೆಟ್ ಮಾಸ್ಕ್ (ಮನೆಗಳಲ್ಲಿ ಸಾಮಾನ್ಯವಾಗಿ 255.255.255.0), ರೂಟರಿನದೇ ನಂಬರಾದ ಗೇಟ್‌ವೇ, ಡಿಎನ್‌ಎಸ್. ಡಿಎನ್‌ಎಸ್ ಖಾಲಿ ಬಿಟ್ಟರೆ ಪ್ರಿಂಟರ್ ಸಿಗುತ್ತದೆ, ಯಾವ ಸೈಟೂ ತೆರೆಯುವುದಿಲ್ಲ. ಗೇಟ್‌ವೇ ತಪ್ಪಾದರೆ ಮನೆಯೊಳಗಿನದೆಲ್ಲ ನಡೆಯುತ್ತದೆ, ಹೊರಗಿನದು ಏನೂ ಇಲ್ಲ. ಇವೆಲ್ಲ ತಕ್ಷಣ ಗೊತ್ತಾಗುವ ತಪ್ಪುಗಳು. ಕಾಡುವ ತಪ್ಪು ಬೇರೆ.

ಕುವೆಂಪುನಗರದ ನಮ್ಮ ಮನೆಯ ಗೇಟಿಗೆ ಒಂದು ಕ್ಯಾಮೆರಾ ಇದೆ. ಅದಕ್ಕೆ ನಾನೇ 192.168.1.20 ಹಾಕಿದ್ದೆ. ಅಪ್ಪ ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ಗೇಟು ನೋಡುತ್ತಾರೆ, ಹಾಲಿನವನು ಬಂದನಾ ಅಂತ. ಒಂದು ದಸರಾ ರಜೆಗೆ ಅಣ್ಣನ ಮಗ ಬಂದು ನಾಲ್ಕು ದಿನ ಇದ್ದ. ಆ ನಾಲ್ಕು ದಿನ ಕ್ಯಾಮೆರಾ ಚಿತ್ರ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಹುಡುಗ ಎಕ್ಸಿಬಿಷನ್ ನೋಡಲು ಹೊರಗೆ ಹೋದರೆ ಎಲ್ಲ ಸರಿ. ವಾಪಸ್ ಬಂದರೆ ಮತ್ತೆ ಅದೇ. "ಇವನ ಕಾಲ್ಗುಣ ಕಣೋ" ಅಂದರು ಅಪ್ಪ. ಹುಡುಗನಿಗೂ ಬೇಜಾರು, ಅವನ ಫೋನಿನಲ್ಲೂ ನೆಟ್ ತಡವರಿಸುತ್ತಿತ್ತು.

ಆದದ್ದಿಷ್ಟು. ನಮ್ಮ ರೂಟರ್ ಹಂಚುತ್ತಿದ್ದ ನಂಬರುಗಳು 2ರಿಂದ 254ರವರೆಗೆ. ಅದರೊಳಗೇ 20 ಇದೆ. ಬಹಳಷ್ಟು ರೂಟರುಗಳು ನಂಬರ್ ಕೊಡುವ ಮೊದಲು ಆ ರೂಮಿನ ಬಾಗಿಲು ತಟ್ಟಿ ನೋಡುತ್ತವೆ, ಒಳಗೆ ಯಾರಾದರೂ ಇದ್ದಾರಾ ಅಂತ. ಹಾಗಾಗಿ ನನ್ನ ತಪ್ಪು ಎಷ್ಟೋ ತಿಂಗಳು ಹೊರಗೆ ಬಂದಿರಲಿಲ್ಲ. ಹುಡುಗ ಬಂದ ಹೊತ್ತಿಗೆ ಕರೆಂಟ್ ಹೋಗಿತ್ತು. ರೂಟರಿಗೆ ಚಿಕ್ಕದೊಂದು ಯುಪಿಎಸ್ ಇದೆ, ಗೇಟಿನ ಕ್ಯಾಮೆರಾಗೆ ಇಲ್ಲ. ರೂಟರ್ 20ರ ಬಾಗಿಲು ತಟ್ಟಿತು, ಉತ್ತರ ಇಲ್ಲ, ಹುಡುಗನ ಫೋನಿಗೆ ಕೊಟ್ಟಿತು. ಕರೆಂಟ್ ಬಂತು. ಕ್ಯಾಮೆರಾ ಎದ್ದು ಯಾರನ್ನೂ ಕೇಳದೆ 20ರಲ್ಲೇ ಕೂತಿತು. ಒಂದು ರೂಮು, ಇಬ್ಬರು.

ಇಂಥದ್ದನ್ನು ಕಂಡುಹಿಡಿಯುವುದು ಕಷ್ಟ ಯಾಕೆಂದರೆ ಸ್ಟ್ಯಾಟಿಕ್ ಹಾಕಿದ ದಿನ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಕೆಡುವುದು ತಿಂಗಳುಗಳಾದ ಮೇಲೆ, ಸಂಬಂಧವೇ ಇಲ್ಲದವರು ಮನೆಗೆ ಬಂದಾಗ. ಆದ್ದರಿಂದ ಕೈಯಾರೆ ನಂಬರ್ ಹಾಕುವವರು ಪಾಲಿಸಲೇಬೇಕಾದ ನಿಯಮ ಒಂದೇ: ರೂಟರ್ ಹಂಚುವ ಸಾಲಿನ ಹೊರಗಿನ ನಂಬರ್ ಆರಿಸಿ. ರೂಟರ್ ಪುಟದಲ್ಲಿ (ಬ್ರೌಸರಿನಲ್ಲಿ ರೂಟರಿನ ನಂಬರ್ ಹೊಡೆದರೆ ತೆರೆಯುವುದು) ಡಿಎಚ್‌ಸಿಪಿ ಪೂಲ್ ಅಂತ ಇರುವಲ್ಲಿ 100ರಿಂದ 199 ಅಂತ ಮಾಡಿಡಿ. 2ರಿಂದ 99 ನಿಮ್ಮ ಕೈಯಲ್ಲಿ ಉಳಿಯುತ್ತದೆ. ಮನೆಗೆ ನೂರು ನಂಬರ್ ಸಾಕಾಗಿ ಮಿಗುತ್ತದೆ.

ಕ್ಯಾಮೆರಾ ಹಾಕಿಸುವವರಿಗೆ ಇನ್ನೊಂದು ಮಾತು. ಬಹಳಷ್ಟು ಹಿಕ್‌ವಿಷನ್ ಕ್ಯಾಮೆರಾಗಳು ಡಬ್ಬದಿಂದ ಹೊರಗೆ ಬರುವಾಗಲೇ 192.168.1.64 ಅಂತ ಸ್ಟ್ಯಾಟಿಕ್ ಹೊತ್ತುಕೊಂಡು ಬರುತ್ತವೆ. ದಾಹುವಾದಲ್ಲಿ ಅದು 192.168.1.108. ಒಂದೇ ಕಂಪನಿಯ ನಾಲ್ಕನ್ನು ಒಟ್ಟಿಗೆ ಸಿಕ್ಕಿಸಿದರೆ ನಾಲ್ಕಕ್ಕೂ ಒಂದೇ ನಂಬರ್. ಒಂದೊಂದಾಗಿ ಸಿಕ್ಕಿಸಿ, ನಂಬರ್ ಬದಲಾಯಿಸಿ, ಆಮೇಲೆ ಮುಂದಿನದಕ್ಕೆ ಹೋಗಿ. ರೆಕಾರ್ಡರಿನ ಹಿಂದೆಯೇ ಕ್ಯಾಮೆರಾಗಳಿಗೆ ಕೇಬಲ್ ತೂತುಗಳಿದ್ದರೆ ಈ ಕಷ್ಟ ಇಲ್ಲ, ಅಲ್ಲಿ ನಂಬರ್ ಹಂಚುವ ಕೆಲಸ ರೆಕಾರ್ಡರಿನದು. ಅದರ ತಂಟೆಗೆ ಹೋಗಬೇಡಿ.

ಬೀಗರ ರೂಮು

ರಿಸರ್ವೇಶನ್ ಮಾಡುವುದು ಸಾಧನದಲ್ಲಲ್ಲ, ರೂಟರಿನಲ್ಲಿ. ಸಾಧನವನ್ನು ಆಟೋಮ್ಯಾಟಿಕ್‌ನಲ್ಲೇ ಬಿಡಬೇಕು. ರೂಟರ್ ಅದನ್ನು ಗುರುತಿಸುವುದು ಮ್ಯಾಕ್ ಅಡ್ರೆಸ್‌ನಿಂದ. ಎರಡೆರಡು ಅಕ್ಷರ-ಅಂಕಿಗಳ ಆರು ಜೋಡಿ, ಸಾಮಾನ್ಯವಾಗಿ ಪ್ರಿಂಟರಿನ ಹಿಂದೆ ಚೀಟಿಯಲ್ಲಿ ಅಂಟಿಸಿರುತ್ತಾರೆ. ಅದನ್ನು ಹುಡುಕುವ ಪಾಡೂ ಬೇಡ. ಸಾಧನವನ್ನು ವೈಫೈಗೆ ಸೇರಿಸಿ, ರೂಟರ್ ಪುಟದಲ್ಲಿ ಈಗ ಯಾರ್‍ಯಾರು ಇದ್ದಾರೆ ಅನ್ನುವ ಪಟ್ಟಿ ತೆಗೆದರೆ ಅಲ್ಲೇ ಕಾಣುತ್ತದೆ. ಅಲ್ಲಿಂದಲೇ ಇದಕ್ಕೆ ಈ ನಂಬರ್ ಕಾದಿರಿಸು ಅಂತ ಹೇಳಿ, ಸಾಧನವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಮುಗಿಯಿತು.

ಇದರಲ್ಲಿ ಸ್ಟ್ಯಾಟಿಕ್‌ನ ಲಾಭ ಪೂರ್ತಿ ಇದೆ, ನಂಬರ್ ಬದಲಾಗುವುದಿಲ್ಲ. ಕ್ಯಾಮೆರಾ ಕತೆಯ ಅಪಾಯ ಇಲ್ಲ, ಯಾಕೆಂದರೆ ಪುಸ್ತಕದಲ್ಲಿ ಬರೆದಿದೆ. ಮಂಡ್ಯದ ಕತೆಯ ಅಪಾಯವೂ ಇಲ್ಲ. ರೂಟರ್ ಬದಲಾದರೆ ಸಾಧನ ಹೊಸ ನಂಬರ್ ಕೇಳಿ ಪಡೆಯುತ್ತದೆ, ಕಳೆದುಹೋಗುವುದಿಲ್ಲ. ಹೊಸ ರೂಟರಿನಲ್ಲಿ ಮತ್ತೆ ಕಾದಿರಿಸಬೇಕು, ಅಷ್ಟೇ.

ಕೊರತೆ ಇಲ್ಲ ಅಂತಲ್ಲ. ರೂಟರನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೆ ಪಟ್ಟಿ ಅಳಿಸಿಹೋಗುತ್ತದೆ. ನೆಟ್ ಕಂಪನಿಯವರು ಕೊಡುವ ಕೆಲವು ಡಬ್ಬಗಳಲ್ಲಿ ಈ ಸೌಕರ್ಯವೇ ಇರುವುದಿಲ್ಲ, ಇದ್ದರೂ ಅದರ ಪಾಸ್‌ವರ್ಡ್ ನಿಮಗೆ ಕೊಟ್ಟಿರುವುದಿಲ್ಲ. ಕಾದಿರಿಸುವ ನಂಬರ್ ಪೂಲಿನ ಒಳಗೇ ಇರಬೇಕು ಅಂತ ಕೆಲವು ರೂಟರುಗಳು ಹಟ ಮಾಡುತ್ತವೆ, ಆಗ ಅದು ಹೇಳಿದಂತೆ ಕೇಳಿ. ಲ್ಯಾಪ್‌ಟಾಪಿಗೆ ವೈಫೈಗೊಂದು, ಕೇಬಲ್ಲಿಗೊಂದು ಬೇರೆ ಬೇರೆ ಮ್ಯಾಕ್ ಇರುತ್ತದೆ, ಅದೂ ನೆನಪಿರಲಿ.

ಫೋನುಗಳದ್ದು ಇನ್ನೊಂದು ರಗಳೆ. ಆಂಡ್ರಾಯ್ಡ್ 10ರಿಂದ, ಐಫೋನಿನಲ್ಲಿ ಐಒಎಸ್ 14ರಿಂದ, ಫೋನು ತನ್ನ ಅಸಲಿ ಮ್ಯಾಕ್ ತೋರಿಸದೆ ಪ್ರತಿ ವೈಫೈಗೂ ಒಂದೊಂದು ವೇಷ ಹಾಕಿಕೊಂಡು ಬರುತ್ತದೆ. ಹೊರಗಡೆ ಅದು ಒಳ್ಳೆಯದೇ. ಮನೆಯಲ್ಲಿ ಫೋನಿಗೆ ಕಾದಿರಿಸುವ ಹಟ ಇದ್ದರೆ ಆ ವೈಫೈನ ಸೆಟ್ಟಿಂಗಿನಲ್ಲಿ ಅಸಲಿ ಮ್ಯಾಕ್ ಬಳಸು ಅಂತ ಆರಿಸಬೇಕು. ನನ್ನನ್ನು ಕೇಳಿದರೆ ಫೋನಿಗೆ ಕಾಯಂ ನಂಬರ್ ಬೇಕಾಗುವ ಸಂದರ್ಭವೇ ಮನೆಯಲ್ಲಿ ಇಲ್ಲ.

ಯಾವುದಕ್ಕೆ ಯಾವುದು

ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಈ ಸಾಧನ ಬೇರೆಯವರನ್ನು ಹುಡುಕಿಕೊಂಡು ಹೋಗುತ್ತದಾ, ಇಲ್ಲಾ ಬೇರೆಯವರು ಇದನ್ನು ಹುಡುಕಿಕೊಂಡು ಬರುತ್ತಾರಾ? ಫೋನು, ಟಿವಿ, ಲ್ಯಾಪ್‌ಟಾಪ್, ಸ್ಮಾರ್ಟ್ ಬಲ್ಬು, ಇವೆಲ್ಲ ಹೊರಗೆ ಹೋಗುವವು. ಅವುಗಳ ನಂಬರ್ ಏನಾದರೇನು? ಆಟೋಮ್ಯಾಟಿಕ್ ಬಿಡಿ. ಪ್ರಿಂಟರ್, ಕ್ಯಾಮೆರಾ, ರೆಕಾರ್ಡರ್, ಫೈಲು ಇಟ್ಟುಕೊಳ್ಳುವ ನ್ಯಾಸ್ ಡಬ್ಬ, ಇವುಗಳ ಬಾಗಿಲಿಗೆ ಬೇರೆಯವರು ಬರಬೇಕು. ಇವಕ್ಕೆ ರಿಸರ್ವೇಶನ್.

ಪ್ರಿಂಟರಿನಲ್ಲೂ ಒಂದು ಸೂಕ್ಷ್ಮ ಇದೆ. ಫೋನಿನಿಂದ ಪ್ರಿಂಟ್ ಕೊಟ್ಟರೆ ಅದು ಹೆಚ್ಚಾಗಿ ಪ್ರಿಂಟರನ್ನು ಹೆಸರಿನಿಂದ ಹುಡುಕುತ್ತದೆ, ನಂಬರ್ ಬದಲಾದರೂ ಸಿಗುತ್ತದೆ. ವಿಂಡೋಸ್‌ನಲ್ಲಿ ಪ್ರಿಂಟರ್ ಸೇರಿಸುವಾಗ ಟಿಸಿಪಿ/ಐಪಿ ಪೋರ್ಟ್ ಅಂತ ಆರಿಸಿ ನಂಬರ್ ಬರೆದಿದ್ದರೆ ಮಾತ್ರ ಅದು ಆ ಒಂದೇ ಮನೆಯ ಬಾಗಿಲು ಬಡಿಯುತ್ತಿರುತ್ತದೆ. "ಫೋನಿಂದ ಬರುತ್ತೆ, ಲ್ಯಾಪ್‌ಟಾಪಿಂದ ಬರಲ್ಲ" ಅನ್ನುವ ದೂರು ಕೇಳಿದರೆ ನಾನು ಮೊದಲು ನೋಡುವುದು ಇದನ್ನೇ.

ಹಾಗಾದರೆ ಕೈಯಾರೆ ಸ್ಟ್ಯಾಟಿಕ್ ಬರೆಯುವುದು ಯಾವುದಕ್ಕೆ? ರೂಟರಿಗೆ ಹೇಗೂ ಅದೇ ಇರುತ್ತದೆ, ಮ್ಯಾನೇಜರಿಗೆ ರೂಮು ಕೊಡುವವರು ಇನ್ಯಾರು? ಜಾಹೀರಾತು ತಡೆಯಲು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನಲ್ಲಿ ಪೈ-ಹೋಲ್ ಅನ್ನುವ ಸಾಫ್ಟ್‌ವೇರ್ ಹಾಕಿ ನಂಬರ್ ಹಂಚುವ ಕೆಲಸವನ್ನೂ ಅದಕ್ಕೇ ವಹಿಸಿದ್ದರೆ, ಅದಕ್ಕೂ ಬೇಕು. ರಿಸರ್ವೇಶನ್ ಇಲ್ಲದ ಡಬ್ಬ ತಗುಲಿಕೊಂಡಿದ್ದರೆ ಪೂಲಿನ ಹೊರಗಿನ ಸ್ಟ್ಯಾಟಿಕ್ಕೇ ಗತಿ. ಲ್ಯಾಪ್‌ಟಾಪಿಗಂತೂ ಬೇಡವೇ ಬೇಡ. ವಿಂಡೋಸ್‌ನ ಹಳೇ ಅಡಾಪ್ಟರ್ ಕಿಟಕಿಯಲ್ಲಿ ಬರೆದ ಸ್ಟ್ಯಾಟಿಕ್ ಎಲ್ಲ ವೈಫೈಗೂ ಅನ್ವಯ ಆಗುತ್ತದೆ. ಮನೆಯಲ್ಲಿ ಹಾಕಿ ಮರೆತು, ಆಫೀಸಿಗೆ ಹೋಗಿ "ಇಲ್ಲಿಯ ನೆಟ್ ಸರಿ ಇಲ್ಲ" ಅಂತ ಜಗಳ ಆಡಿದವರನ್ನು ನಾನು ನೋಡಿದ್ದೇನೆ.

ಇನ್ನೂ ಒಂದು ಇದೆ, ಅದು ಮಹಡಿ ಮೇಲಿನ ಎರಡನೇ ರೂಟರ್. ಇದು ಮೈಸೂರಿನ ಹಳೇ ಉದ್ದನೆಯ ಮನೆಗಳಲ್ಲಿ ಜಾಸ್ತಿ. ಮುಂದಿನ ಹಾಲಿನಲ್ಲಿರುವ ವೈಫೈ ಹಿಂದಿನ ರೂಮಿಗೆ ಬರುವುದಿಲ್ಲ ಅಂತ ಅಟ್ಟದಲ್ಲಿದ್ದ ಹಳೇ ರೂಟರನ್ನು ತೆಗೆದು, ಅದರ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕಿನ) ತೂತಿಗೆ ಕೇಬಲ್ ಸಿಕ್ಕಿಸುತ್ತಾರೆ. ಈಗ ಒಂದೇ ಛತ್ರಕ್ಕೆ ಇಬ್ಬರು ಮ್ಯಾನೇಜರ್. ಇಬ್ಬರ ಕೈಯಲ್ಲೂ ಬೇರೆ ಬೇರೆ ಪುಸ್ತಕ. ಫೋನು ಕೂಗಿದರೆ ಯಾರು ಮೊದಲು ಉತ್ತರ ಕೊಟ್ಟರೋ ಅವರ ಮಾತೇ ನಡೆಯುತ್ತದೆ. ಒಂದು ಹೊತ್ತು ನೆಟ್ ಇರುತ್ತದೆ, ಇನ್ನೊಂದು ಹೊತ್ತು ಇಲ್ಲ. ಹಳೇ ರೂಟರಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ನಂಬರ್ ಹಂಚದೆ ಬರೀ ವೈಫೈ ಕೊಡುವುದು) ಇದ್ದರೆ ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಅದರ ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೆ 192.168.1.2 ಥರ ಪೂಲಿನ ಹೊರಗಿನ ಸ್ಟ್ಯಾಟಿಕ್ ಕೊಡಿ. ನಂಬರ್ ಕೊಡುವುದನ್ನು ಮರೆತರೆ ಎರಡೂ ರೂಟರ್ 192.168.1.1 ಆಗಿ ಕೂತು ಹೊಸ ಜಗಳ ಶುರುವಾಗುತ್ತದೆ.

ಕೆಲವು ತಪ್ಪು ತಿಳಿವಳಿಕೆ

ಸ್ಟ್ಯಾಟಿಕ್ ಹಾಕಿದರೆ ನೆಟ್ ಜೋರಾಗುತ್ತದೆ ಅನ್ನುವುದು ಸುಳ್ಳು. ನಂಬರ್ ಕೇಳುವ ಆ ನಾಲ್ಕು ಮಾತು ಉಳಿತಾಯವಾಗುತ್ತದೆ, ಅಷ್ಟೇ. ಡಿಎಚ್‌ಸಿಪಿ ಆಫ್ ಮಾಡಿಟ್ಟರೆ ಕಳ್ಳರು ಬರುವುದಿಲ್ಲ ಅನ್ನುವುದೂ ಅಷ್ಟೇ. ನಿಮ್ಮ ವೈಫೈ ಪಾಸ್‌ವರ್ಡ್ ಗೊತ್ತಿದ್ದವನು ತಾನೇ ಒಂದು ನಂಬರ್ ಹಾಕಿಕೊಂಡು ಒಳಗೆ ಬರಬಲ್ಲ.

ಗೊಂದಲ ಜಾಸ್ತಿ ಇರುವುದು ಇನ್ನೊಂದರಲ್ಲಿ. ನೆಟ್ ಕಂಪನಿಯವರು ತಿಂಗಳಿಗೆ ಇಷ್ಟು ದುಡ್ಡು ಅಂತ ಮಾರುವ ಸ್ಟ್ಯಾಟಿಕ್ ಐಪಿ ಬೇರೆ, ಇಲ್ಲಿ ನಾವು ಮಾತಾಡುತ್ತಿರುವುದು ಬೇರೆ. ಅದು ನಿಮ್ಮ ಮನೆಗೆ ಹೊರ ಜಗತ್ತಿನಿಂದ ಬರುವ ವಿಳಾಸ. ಇದು ಮನೆಯೊಳಗಿನ ರೂಮ್ ನಂಬರ್. 192.168, 10, ಮತ್ತು 172.16ರಿಂದ 172.31ರವರೆಗೆ ಶುರುವಾಗುವ ನಂಬರುಗಳನ್ನು ಖಾಸಗಿ ನೆಟ್‌ವರ್ಕ್‌ಗಳ ಒಳಬಳಕೆಗೆ ಅಂತಲೇ ತೆಗೆದಿಟ್ಟಿದ್ದಾರೆ. ನಿಮ್ಮ ಮನೆಯಲ್ಲೂ 192.168.1.10 ಇರಬಹುದು, ಪಕ್ಕದ ಮನೆಯಲ್ಲೂ ಇರಬಹುದು, ಯಾರಿಗೂ ತೊಂದರೆ ಇಲ್ಲ.

ಕ್ಯಾಮೆರಾಗೆ ಒಳಗೆ ಕಾಯಂ ನಂಬರ್ ಕೊಟ್ಟೆ, ಪೋರ್ಟ್ ಫಾರ್ವರ್ಡ್ ಮಾಡಿದೆ (ಹೊರಗಿನಿಂದ ಬಂದದ್ದನ್ನು ಕ್ಯಾಮೆರಾಗೆ ಕಳಿಸು ಅಂತ ರೂಟರಿಗೆ ಹೇಳುವುದು), ಆದರೂ ಬೆಂಗಳೂರಿನಿಂದ ನೋಡಲು ಆಗುತ್ತಿಲ್ಲ ಅನ್ನುವವರು ರೂಟರಿನ ವ್ಯಾನ್ ವಿಳಾಸ, ಅಂದರೆ ಹೊರಗಡೆಯ ನಂಬರ್, ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನಿಮ್ಮ ಹಾಗೇ ಎಷ್ಟೋ ಮನೆಗಳು ಒಂದೇ ಹೊರ ವಿಳಾಸದ ಹಿಂದೆ ಇವೆ ಅಂತ ಅರ್ಥ. ಒಳಗೆ ಏನು ಬದಲಾಯಿಸಿದರೂ ಪ್ರಯೋಜನ ಇಲ್ಲ. ಒಂದೋ ಕಂಪನಿಯಿಂದ ಹೊರಗಿನ ಸ್ಟ್ಯಾಟಿಕ್ ಕೊಂಡುಕೊಳ್ಳಬೇಕು, ಇಲ್ಲಾ ಕ್ಯಾಮೆರಾ ಕಂಪನಿಯ ಆಪ್ ಮೂಲಕ ನೋಡಬೇಕು. ಮನೆಯ ಗೇಟು ನೋಡಲು ಆಪ್ ಸಾಕು, ತಿಂಗಳು ತಿಂಗಳು ದುಡ್ಡು ಸುರಿಯಬೇಡಿ.

ಮಂಡ್ಯಕ್ಕೆ ವಾಪಸ್

ಅವತ್ತು ಮಾಡಿದ್ದು ಹೀಗೆ. ಪ್ರಿಂಟರ್ ಇನ್ನೂ ವೈಫೈನಲ್ಲೇ ಇತ್ತು, ನಂಬರ್ ಮಾತ್ರ ಹಳೇ ಬಡಾವಣೆಯದ್ದು, ಅಂದರೆ 192.168.1 ಸಾಲಿನದು. ಹಾಗಾಗಿ ನನ್ನ ಲ್ಯಾಪ್‌ಟಾಪಿಗೇ ಐದು ನಿಮಿಷದ ಮಟ್ಟಿಗೆ 192.168.1.50 ಅಂತ ಸ್ಟ್ಯಾಟಿಕ್ ಹಾಕಿದೆ. ಇಬ್ಬರೂ ಒಂದೇ ಬಡಾವಣೆಯವರಾದೆವು. ಬ್ರೌಸರಿನಲ್ಲಿ 192.168.1.10 ಹೊಡೆದರೆ ಪ್ರಿಂಟರಿನ ಪುಟ ತೆರೆಯಿತು. ಅಲ್ಲಿ ಐಪಿಯನ್ನು ಆಟೋಮ್ಯಾಟಿಕ್ ಮಾಡಿ, ಲ್ಯಾಪ್‌ಟಾಪನ್ನೂ ಮೊದಲಿನ ಹಾಗೆ ಮಾಡಿದೆ. ಪ್ರಿಂಟರ್ ಹೊಸ ಡಬ್ಬದಿಂದ ನಂಬರ್ ತೆಗೆದುಕೊಂಡಿತು. ಅದೇ ನಂಬರನ್ನು ಡಬ್ಬದಲ್ಲಿ ಕಾದಿರಿಸಿದೆ. ಅಕ್ಕನ ಲ್ಯಾಪ್‌ಟಾಪಿನ ಪ್ರಿಂಟರ್ ಪೋರ್ಟ್‌ನಲ್ಲೂ ಬದಲಾಯಿಸಿದೆ. ಕಾಫಿ ಆರುವ ಮೊದಲೇ ಮೊದಲ ಹಾಳೆ ಹೊರಗೆ ಬಂತು.

ಇನ್ನೂ ಸುಲಭದ ಉಪಾಯ ಒಂದಿತ್ತು. ಹೊಸ ಡಬ್ಬ ಬಂದ ದಿನವೇ ಅದರ ಲ್ಯಾನ್ ವಿಳಾಸವನ್ನು ಹಳೇ ರೂಟರಿನ ಹಾಗೆ 192.168.1.1 ಅಂತ ಬದಲಾಯಿಸಿದ್ದರೆ ಬಡಾವಣೆಯೇ ಬದಲಾಗುತ್ತಿರಲಿಲ್ಲ. ಪ್ರಿಂಟರ್ ಇದ್ದಲ್ಲೇ ಕೆಲಸ ಮಾಡುತ್ತಿತ್ತು, ನನ್ನ ಬಸ್ ಚಾರ್ಜೂ ಉಳಿಯುತ್ತಿತ್ತು. ಮನೆಯಲ್ಲಿ ಸ್ಟ್ಯಾಟಿಕ್ ಹಾಕಿದ ಸಾಧನಗಳು ಈಗಾಗಲೇ ಇದ್ದು, ಕನೆಕ್ಷನ್ ಬದಲಾಯಿಸುವ ಯೋಚನೆ ಇದ್ದರೆ, ಡಬ್ಬ ಹಾಕಲು ಬರುವ ಹುಡುಗನಿಗೆ ಇದೊಂದನ್ನು ಮಾಡಿಕೊಟ್ಟು ಹೋಗಪ್ಪ ಅಂತ ಹೇಳಿ. ಕೆಲವು ಡಬ್ಬಗಳಲ್ಲಿ ಇದನ್ನು ಬದಲಾಯಿಸಲು ಬಿಡುವುದಿಲ್ಲ, ಬಿಟ್ಟರೆ ಎರಡು ನಿಮಿಷದ ಕೆಲಸ.

ಹೊರಡುವ ಮುಂಚೆ ಅಕ್ಕನ ಒಂದು ನೋಟ್‌ಬುಕ್ ಹಾಳೆ ಹರಿದು ನಾಲ್ಕು ಸಾಲು ಬರೆದೆ: ಡಬ್ಬದ ನಂಬರ್, ಪೂಲ್ ಎಲ್ಲಿಂದ ಎಲ್ಲಿಗೆ, ಪ್ರಿಂಟರಿನ ನಂಬರ್, ಅದರ ಮ್ಯಾಕ್. ಡಬ್ಬದ ಪಕ್ಕದ ಗೋಡೆಗೆ ಟೇಪ್ ಹಾಕಿ ಅಂಟಿಸಿದೆ. ಭಾವ ಅದನ್ನು ನೋಡಿ, "ಇದ್ನ ಆವತ್ತೇ ಬರ್ದು ಅಂಟ್ಸೋಕೆ ಏನಾಗಿತ್ತಪ್ಪ?" ಅಂದರು.